ತಡವಾಗಿ ಮೂಡಿದ ನೀಲಿ

ಜ್ವರವೆಂದೋ ನಿಶ್ಶಕ್ತಿಯೆಂದೋ ಆಸ್ಪತ್ರೆಗೆ ಹೋದವರ ತೋಳಿನಿಂದ ಒಂದಿಷ್ಟು ರಕ್ತವನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದುಂಟು. ಸ್ವಲ್ಪ ಹೊತ್ತಿಗೋ ಮರುದಿನವೋ ಒಂದು ಚೀಟಿ ಬರುತ್ತದೆ. ಸಕ್ಕರೆ ಇಷ್ಟು, ಯೂರಿಯ ಇಷ್ಟು, ಸುಣ್ಣ ಇಷ್ಟು, ರಂಜಕ ಇಷ್ಟು ಎಂದು ಅದರಲ್ಲಿ ಅಂಕಿಗಳು ಸಾಲಾಗಿ ನಿಂತಿರುತ್ತವೆ. ವೈದ್ಯರು ಅವನ್ನು ನೋಡಿ ಔಷಧವನ್ನು ಬರೆಯುತ್ತಾರೆ; ರೋಗಿ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ರಕ್ತದಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ರಂಜಕವನ್ನು ಅಳೆಯುವ ಬಗೆಯನ್ನು ಯಾರು ಕಂಡುಹಿಡಿದರು, ಅದಕ್ಕಾಗಿ ಎಷ್ಟು ದಿನ ನಿಂತಲ್ಲೇ ನಿಂತು ಕೆಲಸ ಮಾಡಿದರು ಎಂಬ ಯೋಚನೆ ಇಬ್ಬರಿಗೂ ಬರುವುದಿಲ್ಲ. ರೋಗದ ಹೊತ್ತಿನಲ್ಲಿ ಬರಬೇಕಾದ ಅಗತ್ಯವೂ ಇಲ್ಲ. ಆರೋಗ್ಯವಾಗಿರುವಾಗ ಬಂದರೆ ಮಾತ್ರ ಅದೊಂದು ಸ್ವಾರಸ್ಯವಾದ ಯೋಚನೆ.

ವಿಶ್ವವಿದ್ಯಾನಿಲಯಗಳ ವೈದ್ಯಕೀಯ ಪ್ರಯೋಗಶಾಲೆಗಳಲ್ಲಿ ನಡೆಯುವ ಕೆಲಸದ ಬಹುಭಾಗವನ್ನು ಮಾಡುವವರು ಹೆಸರಾಂತ ಪ್ರಾಧ್ಯಾಪಕರಲ್ಲ. ಇಪ್ಪತ್ತೆರಡರಿಂದ ಮೂವತ್ತೈದರ ಒಳಗಿನ ತರುಣ ತರುಣಿಯರು. ಸ್ನಾತಕೋತ್ತರ ಪದವಿಯನ್ನು ಪಡೆದು, ಒಬ್ಬ ಮಾರ್ಗದರ್ಶಕರ ಕೈಕೆಳಗೆ ಸೇರಿ, ಅಲ್ಪ ಸ್ವಲ್ಪ ವಿದ್ಯಾರ್ಥಿವೇತನದಲ್ಲಿ ಜೀವನ ಸಾಗಿಸುತ್ತ, ನಾಲ್ಕಾರು ವರ್ಷಗಳ ಕಾಲ ಒಂದೇ ಒಂದು ಪ್ರಶ್ನೆಯ ಬೆನ್ನು ಹತ್ತುವವರು ಅವರು. ಊರಿನಲ್ಲಿ ಯಾರಾದರೂ ಕೇಳಿದರೆ, 'ಇನ್ನೂ ಓದುತ್ತಿದ್ದಾನೆ' ಎಂದು ಮನೆಯವರು ಸಂಕೋಚದಿಂದ ಹೇಳುತ್ತಾರೆ. ಓದು ಎಂದರೆ ಓದು, ದುಡಿಮೆ ಎಂದರೆ ದುಡಿಮೆ. ಎರಡೂ ಹೌದು, ಎರಡೂ ಪೂರ್ತಿಯಾಗಿ ಅಲ್ಲ. ಈ ನಡುವಣ ಕಾಲದ ಬದುಕು ಹೇಗಿರುತ್ತದೆ ಎಂಬುದನ್ನು ತಿಳಿಯಲು ಅಂಥ ಒಬ್ಬ ತರುಣನ ಮೇಜಿನ ಬಳಿ ನಿಂತು ನೋಡುವುದೇ ಒಳ್ಳೆಯ ಮಾರ್ಗ. ಆ ಮೇಜು ಅಮೆರಿಕದ ಬಾಸ್ಟನ್ ನಗರದಲ್ಲಿ, ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಇತ್ತು. ತರುಣನ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿಯಲ್ಲಿ, ಆಂಧ್ರದ ಭೀಮಾವರಂನಲ್ಲಿ. ಬಾಲ್ಯದಲ್ಲಿ ಅವರು ಜಾಣ ವಿದ್ಯಾರ್ಥಿ ಎನಿಸಿಕೊಂಡವರಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಸೋತು, ಮೂರನೆಯ ಸಲ ತೇರ್ಗಡೆಯಾದರು. ಮುಂದೆ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದಾಗ ಸ್ವಾತಂತ್ರ್ಯ ಚಳವಳಿಯ ಪ್ರಭಾವಕ್ಕೆ ಒಳಗಾಗಿ ಖಾದಿಯನ್ನು ಧರಿಸತೊಡಗಿದರು. ಅದು ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಕೊನೆಗೆ ಅವರ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನದೆಂದು ಎಣಿಸಲಾಗುತ್ತಿದ್ದ ಎಲ್.ಎಂ.ಎಸ್. ಅಷ್ಟರಲ್ಲಿ ಮನೆಯಲ್ಲಿ ದೊಡ್ಡ ಆಘಾತ. ಸ್ಪ್ರೂ ಎಂಬ ರೋಗ ಅವರ ಒಡಹುಟ್ಟಿದವರನ್ನು ಬಲಿ ತೆಗೆದುಕೊಂಡಿತು. ಸ್ಪ್ರೂ ರೋಗದಲ್ಲಿ ಕರುಳು ಆಹಾರದ ಸತ್ತ್ವವನ್ನು ಹೀರಿಕೊಳ್ಳಲಾರದೆ ಹೋಗುತ್ತದೆ. ಉಂಡರೂ ಮೈಗೆ ಹತ್ತದೆ, ರಕ್ತ ತೆಳುವಾಗಿ, ರೋಗಿ ಸೊರಗಿ ಸಾಯುತ್ತಾನೆ. ಮನೆಯೊಳಗೇ ಒಬ್ಬ ವೈದ್ಯನಿದ್ದೂ ಏನೂ ಮಾಡಲಾಗದೆ ಹೋದದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಮದರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಕೆಲಕಾಲ ಪಾಠ ಹೇಳಿದ ಸುಬ್ಬರಾವ್, ಮಾವನವರ ನೆರವಿನಿಂದಲೂ ಧರ್ಮಸಂಸ್ಥೆಯೊಂದರ ಸಹಾಯದಿಂದಲೂ ಹಣವನ್ನು ಕೂಡಿಸಿಕೊಂಡು, ಪತ್ನಿಯನ್ನು ಊರಿನಲ್ಲೇ ಬಿಟ್ಟು ಹಡಗು ಹತ್ತಿದರು. 1923ರ ಅಕ್ಟೋಬರ್ ತಿಂಗಳಲ್ಲಿ ಬಾಸ್ಟನ್ ನಗರವನ್ನು ತಲುಪಿದಾಗ ಅವರಿಗೆ ಇಪ್ಪತ್ತೆಂಟು ವರ್ಷ.

ಉಷ್ಣವಲಯದ ರೋಗಗಳನ್ನು ಕುರಿತ ಡಿಪ್ಲೊಮಾ ತರಗತಿಗೆ ಅವರು ಸೇರಿದರು. ಓದಿಗೆ ಸ್ಥಳ ಸಿಕ್ಕಿತೇ ಹೊರತು ಊಟಕ್ಕೆ ದಾರಿ ಸಿಗಲಿಲ್ಲ. ಭಾರತದಲ್ಲಿ ವೈದ್ಯರಾಗಿದ್ದವರಿಗೆ ಆ ದೇಶದಲ್ಲಿ ವೈದ್ಯವೃತ್ತಿಯನ್ನು ನಡೆಸುವ ಪರವಾನಗಿ ಇರಲಿಲ್ಲ. ಹೀಗಾಗಿ ಪೀಟರ್ ಬೆಂಟ್ ಬ್ರಿಗ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸಕ್ಕೆ ಸೇರಿಕೊಂಡರು. ಹಗಲು ವಿದ್ಯಾಲಯ, ಇರುಳು ಆಸ್ಪತ್ರೆ. ಡಿಪ್ಲೊಮಾ ಮುಗಿದ ಮೇಲೆ ಅವರು ಅಲ್ಲಿನ ಜೀವರಸಾಯನ ವಿಭಾಗವನ್ನು ಸೇರಿದರು. ಆ ವಿಭಾಗದ ಮುಖ್ಯಸ್ಥರು ಆಟೊ ಫೋಲಿನ್. ರಕ್ತ ಮತ್ತು ಮೂತ್ರಗಳಲ್ಲಿರುವ ವಸ್ತುಗಳನ್ನು ಬಣ್ಣದ ನೆರವಿನಿಂದ ಅಳೆಯುವ ವಿಧಾನಗಳನ್ನು ರೂಪಿಸಿ ಅವರು ಜಗತ್ತಿಗೆ ಪರಿಚಿತರಾಗಿದ್ದರು. ಸುಬ್ಬರಾವ್ ಅವರ ನೇರ ಮಾರ್ಗದರ್ಶಕರು ಅದೇ ವಿಭಾಗದ ಸೈರಸ್ ಫಿಸ್ಕ್.

ರೋಗಕ್ಕೆ ಮದ್ದನ್ನು ಹುಡುಕಬೇಕೆಂದು ಸಮುದ್ರ ದಾಟಿ ಬಂದ ವೈದ್ಯನಿಗೆ ಅಲ್ಲಿ ದೊರೆತ ಕೆಲಸವೇನು? ರಂಜಕವನ್ನು ಅಳೆಯುವುದು. ರಂಜಕಕ್ಕೂ ಸ್ಪ್ರೂ ರೋಗಕ್ಕೂ ಮೇಲುನೋಟಕ್ಕೆ ಯಾವ ಸಂಬಂಧವೂ ಇಲ್ಲ. ಹೊಸದಾಗಿ ಪ್ರಯೋಗಶಾಲೆಯನ್ನು ಹೊಕ್ಕವರಲ್ಲಿ ಹೆಚ್ಚಿನವರಿಗೆ ಆಗುವ ಮೊದಲ ನಿರಾಶೆ ಇದು. ಮನಸ್ಸಿನಲ್ಲಿ ಬೆಟ್ಟದಂಥ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಕೈಗೆ ಸಿಗುವುದು ಸಾಸಿವೆಯಷ್ಟು ಚಿಕ್ಕದು. ಆದರೆ ಅಳೆಯಲಾಗದ ವಸ್ತುವಿನ ಬಗ್ಗೆ ವಿಜ್ಞಾನ ಹೆಚ್ಚೇನನ್ನೂ ಹೇಳಲಾರದು. ಮಕ್ಕಳ ಕಾಲುಗಳ ಮೂಳೆ ಮೆತ್ತಗಾಗಿ ಬಾಗುವ ರಿಕೆಟ್ಸ್ ರೋಗದಲ್ಲಿ ರಕ್ತದ ರಂಜಕ ಕಡಮೆಯಾಗುತ್ತದೆಂಬುದು ಆಗಷ್ಟೇ ತಿಳಿದುಬಂದಿತ್ತು. ಎಳೆಯ ಮಗುವಿನಿಂದ ಎಷ್ಟು ರಕ್ತವನ್ನು ತೆಗೆಯಬಹುದು? ಕೆಲವೇ ಹನಿ. ಆ ಕೆಲವೇ ಹನಿಗಳಲ್ಲಿ ರಂಜಕವನ್ನು ನಂಬಿಕೆಗೆ ಅರ್ಹವಾಗಿ, ಬೇಗನೆ ಅಳೆಯುವ ವಿಧಾನ ಬೇಕಾಗಿತ್ತು. ಆ ಕಾಲದಲ್ಲಿದ್ದ ವಿಧಾನಗಳು ನಿಧಾನವಾಗಿದ್ದವು. ಬಣ್ಣ ಮೂಡಲು ಹೊತ್ತು ಹಿಡಿಯುತ್ತಿತ್ತು.

ಆ ವಿಧಾನದ ತಿರುಳು ಹೀಗಿದೆ. ಶರೀರದಲ್ಲಿ ರಂಜಕವು ಬಿಡಿಯಾಗಿರದೆ ಆಮ್ಲಜನಕದೊಡನೆ ಸೇರಿ ಫಾಸ್ಫೇಟ್ ರೂಪದಲ್ಲಿರುತ್ತದೆ. ರಕ್ತಕ್ಕೆ ಮೊದಲು ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ಬೆರೆಸಿದರೆ, ಹುಳಿ ಹಿಂಡಿದ ಹಾಲಿನಂತೆ ಸಸಾರಜನಕವೆಲ್ಲ ಗರಣೆಗಟ್ಟಿ ತಳಕ್ಕೆ ಇಳಿಯುತ್ತದೆ. ಅದನ್ನು ಶೋಧಕ ಕಾಗದದಲ್ಲಿ ಸೋಸಿದರೆ ತಿಳಿನೀರಿನಂಥ ದ್ರವ ಸಿಗುತ್ತದೆ. ಇದಕ್ಕೆ ಗಂಧಕಾಮ್ಲ ಬೆರೆತ ಮಾಲಿಬ್ಡೇಟ್ ದ್ರಾವಣವನ್ನು ಹಾಕಿದಾಗ ಮಾಲಿಬ್ಡೇಟ್ ಫಾಸ್ಫೇಟಿನ ಸುತ್ತ ಕಟ್ಟಿಕೊಳ್ಳುತ್ತದೆ. ಆಗಲೂ ಕಣ್ಣಿಗೆ ವಿಶೇಷವೇನೂ ಕಾಣದು. ಅನಂತರ ಅಪಕರ್ಷಣಕಾರಿಯಾದ ಇನ್ನೊಂದು ವಸ್ತುವನ್ನು ಸೇರಿಸಬೇಕು. ಆಗ ಫಾಸ್ಫೇಟನ್ನು ಸುತ್ತುವರಿದ ಮಾಲಿಬ್ಡೇಟ್ ಮಾತ್ರ ನೀಲಿಯಾಗುತ್ತದೆ. ಸುಮ್ಮನೆ ಉಳಿದದ್ದು ಬಣ್ಣವಿಲ್ಲದೆ ಉಳಿಯುತ್ತದೆ. ಫಾಸ್ಫೇಟ್ ಹೆಚ್ಚಾದಷ್ಟೂ ನೀಲಿ ಗಾಢ. ಎಲ್ಲ ಚಾತುರ್ಯವೂ ಈ ಅಪಕರ್ಷಣಕಾರಿಯ ಆಯ್ಕೆಯಲ್ಲಿದೆ. ಅದು ದುರ್ಬಲವಾದರೆ ಬಣ್ಣ ಬರುವುದಿಲ್ಲ. ತೀರ ಪ್ರಬಲವಾದರೆ ಬೇಡವಾದ ಮಾಲಿಬ್ಡೇಟ್ ಕೂಡ ನೀಲಿಯಾಗಿ ಲೆಕ್ಕ ತಪ್ಪುತ್ತದೆ. ಫಿಸ್ಕ್ ಮತ್ತು ಸುಬ್ಬರಾವ್ ಅಮೈನೋ ನ್ಯಾಫ್ತಾಲ್ ಸಲ್ಫಾನಿಕ್ ಆಮ್ಲವನ್ನು ಆರಿಸಿಕೊಂಡರು. ಆಮ್ಲದ ಪ್ರಮಾಣವನ್ನೂ ಸರಿಯಾಗಿ ಗೊತ್ತುಪಡಿಸಿದರು. ಕೆಲವೇ ನಿಮಿಷಗಳಲ್ಲಿ ತಿಳಿಯಾದ, ಕದಲದ ನೀಲಿ ಬಣ್ಣ ಮೂಡುವಂತಾಯಿತು.

ಬಣ್ಣ ಮೂಡಿದರೆ ಸಾಲದು, ಅದನ್ನು ಅಳೆಯಬೇಕು. ಇಂದಿನ ಪ್ರಯೋಗಶಾಲೆಗಳಲ್ಲಿ ಯಂತ್ರವೇ ಬಣ್ಣವನ್ನು ಅಳೆದು ಅಂಕಿಯನ್ನು ತೋರಿಸುತ್ತದೆ. ಅಂದು ಕಣ್ಣೇ ಯಂತ್ರ. ಡುಬೋಸ್ಕ್ ಎಂಬ ಹೆಸರಿನ ವರ್ಣಮಾಪಕದಲ್ಲಿ ಎರಡು ಗಾಜಿನ ಬಟ್ಟಲುಗಳಿರುತ್ತವೆ. ಒಂದರಲ್ಲಿ ಪ್ರಮಾಣ ಗೊತ್ತಿರುವ ದ್ರಾವಣ, ಇನ್ನೊಂದರಲ್ಲಿ ಗೊತ್ತಿಲ್ಲದ ದ್ರಾವಣ. ಮೇಲಿನ ನೋಟಕದಲ್ಲಿ ಕಣ್ಣಿಟ್ಟರೆ ಒಂದೇ ವೃತ್ತದ ಎರಡು ಅರ್ಧಗಳಂತೆ ಎರಡು ನೀಲಿಗಳೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ತಿರುಪನ್ನು ತಿರುಗಿಸಿ ಬಟ್ಟಲನ್ನು ಏರಿಳಿಸುತ್ತ, ಎರಡೂ ಅರ್ಧಗಳ ನಡುವಣ ಗೆರೆ ಅಳಿಸಿಹೋಗುವಂತೆ ಬಣ್ಣಗಳನ್ನು ಸರಿದೂಗಿಸಬೇಕು. ಗೊತ್ತಿರುವ ದ್ರಾವಣದ ಆಳ 20 ಮಿಲಿಮೀಟರ್ ಇದ್ದು, ಗೊತ್ತಿಲ್ಲದ್ದು 25 ಮಿಲಿಮೀಟರ್ ಆಳದಲ್ಲಿ ಅದಕ್ಕೆ ಸಮನಾದರೆ, ಎರಡನೆಯದರ ಸಾಂದ್ರತೆ ಮೊದಲನೆಯದರ ಐದರಲ್ಲಿ ನಾಲ್ಕು ಪಾಲು ಎಂದು ಲೆಕ್ಕ. ಲೆಕ್ಕ ಸುಲಭ. ಆದರೆ ದಿನಕ್ಕೆ ಹತ್ತಾರು ಸಲ, ಪ್ರತಿ ಸಲವೂ ಹಿಂದಿನ ಅಂಕಿಯನ್ನು ಮರೆತು, ತನಗೆ ಬೇಕಾದ ಉತ್ತರದ ಕಡೆಗೆ ಕೈ ವಾಲದಂತೆ ತಿರುಪನ್ನು ತಿರುಗಿಸುವುದು ಸುಲಭವಲ್ಲ. ಕಣ್ಣು ದಣಿದಾಗ ಎಲ್ಲ ನೀಲಿಗಳೂ ಒಂದೇ ಆಗಿ ಕಾಣುತ್ತವೆ.

ಇನ್ನು ಪಾತ್ರೆ ತೊಳೆಯುವ ವಿಷಯ. ಇದನ್ನು ಹೇಳದೆ ಪ್ರಯೋಗಶಾಲೆಯ ಬದುಕಿನ ವರ್ಣನೆ ಪೂರ್ಣವಾಗದು. ರಂಜಕವನ್ನು ಅಳೆಯುವ ಗಾಜಿನ ಪಾತ್ರೆಗಳನ್ನು ಸಾಬೂನಿನ ಪುಡಿಯಿಂದ ತೊಳೆದು ಹಾಗೆಯೇ ಬಳಸುವಂತಿಲ್ಲ; ತೊಳೆಯುವ ಪುಡಿಗಳಲ್ಲಿ ಫಾಸ್ಫೇಟ್ ಇರುವುದುಂಟು. ಪ್ರನಾಳದ ಗೋಡೆಗೆ ಅದರ ಒಂದು ಪೊರೆ ಅಂಟಿಕೊಂಡಿದ್ದರೂ ರಕ್ತದಲ್ಲಿ ಇಲ್ಲದ ರಂಜಕ ಲೆಕ್ಕಕ್ಕೆ ಬಂದುಬಿಡುತ್ತದೆ. ಆದುದರಿಂದ ಆಮ್ಲದಲ್ಲಿ ಅದ್ದಿ, ಬಟ್ಟಿಯಿಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಇಷ್ಟಾದರೂ ನಂಬಿಕೆ ಸಾಲದು. ಪ್ರತಿ ಸಲವೂ ರಕ್ತವನ್ನೇ ಹಾಕದೆ ಉಳಿದೆಲ್ಲ ವಸ್ತುಗಳನ್ನು ಹಾಕಿದ ಒಂದು ಪ್ರನಾಳವನ್ನು ಜೊತೆಗಿಡಬೇಕು. ಅದರಲ್ಲಿ ನೀಲಿ ಕಾಣಿಸಿಕೊಂಡರೆ ಕಳ್ಳ ಮನೆಯೊಳಗೇ ಇದ್ದಾನೆ ಎಂದು ಅರ್ಥ. ಗೊತ್ತಿರುವಷ್ಟು ಫಾಸ್ಫೇಟನ್ನು ಬೇಕೆಂದೇ ಸೇರಿಸಿ, ಅಷ್ಟೂ ಲೆಕ್ಕಕ್ಕೆ ಮರಳಿ ಸಿಗುತ್ತದೆಯೇ ಎಂದು ನೋಡಬೇಕು. ಒಂದೇ ಮಾದರಿಯನ್ನು ಎರಡು ಸಲ ಅಳೆದು ಎರಡೂ ಅಂಕಿಗಳು ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ಎಲ್ಲವನ್ನೂ ಅಂದಂದೇ ಶಾಯಿಯಲ್ಲಿ ದಾಖಲೆ ಪುಸ್ತಕಕ್ಕೆ ಬರೆಯಬೇಕು. ತಪ್ಪಿದರೆ ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕೇ ಹೊರತು ಅಳಿಸಬಾರದು, ಹಾಳೆಯನ್ನು ಹರಿಯಬಾರದು. ಹೊಸಬನಿಗೆ ಈ ನಿಯಮಗಳು ಕಿರುಕುಳವೆನಿಸುತ್ತವೆ. ವರ್ಷ ಕಳೆದ ಮೇಲೆ, ಕೆಟ್ಟುಹೋಗಿದ್ದ ಪ್ರಯೋಗವೊಂದರ ಹಳೆಯ ಪುಟವೇ ಹೊಸ ದಾರಿಯನ್ನು ತೋರಿಸಿದಾಗ ಅವುಗಳ ಬೆಲೆ ತಿಳಿಯುತ್ತದೆ.

ಫಿಸ್ಕ್ ಮತ್ತು ಸುಬ್ಬರಾವ್ ಅವರ ವಿಧಾನ 1925ರಲ್ಲಿ ಅಮೆರಿಕದ ಜೀವರಸಾಯನ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ದಶಕಗಳಲ್ಲಿ ಜಗತ್ತಿನ ಎಲ್ಲೆಡೆಯ ಸಂಶೋಧಕರು ತಮ್ಮ ಲೇಖನಗಳಲ್ಲಿ ಸಾವಿರಾರು ಸಲ ಅದನ್ನು ಉಲ್ಲೇಖಿಸಿದರು. ಎರಡು ವರ್ಷಗಳ ಹಿಂದೆ ಇರುಳಿನಲ್ಲಿ ರೋಗಿಗಳ ಪಾತ್ರೆಗಳನ್ನು ತೊಳೆಯುತ್ತಿದ್ದವರ ಹೆಸರು ಹೀಗೆ ಒಂದು ವಿಧಾನದ ಹೆಸರಾಯಿತು.

ಹೊಸ ಕತ್ತಿ ಸಿಕ್ಕಿದವನು ಅದನ್ನು ಬೇರೆ ಬೇರೆ ಮರಗಳ ಮೇಲೆ ಪ್ರಯೋಗಿಸುವಂತೆ, ಗುರುಶಿಷ್ಯರು ತಮ್ಮ ವಿಧಾನವನ್ನು ಸ್ನಾಯುಗಳ ಮೇಲೆ ಪ್ರಯೋಗಿಸಿದರು. ಇಲ್ಲಿ ಒಂದು ವಿಚಿತ್ರ ಸಂಗತಿ ಎದುರಾಯಿತು. ಶುದ್ಧ ಫಾಸ್ಫೇಟ್ ದ್ರಾವಣದಲ್ಲಿ ಕೆಲವೇ ನಿಮಿಷಗಳಲ್ಲಿ ಪೂರ್ತಿಯಾಗಿ ಮೂಡುವ ನೀಲಿ, ಸ್ನಾಯುವಿನಿಂದ ಸೋಸಿ ತೆಗೆದ ದ್ರವದಲ್ಲಿ ಹಾಗೆ ಮೂಡಲಿಲ್ಲ. ಮೊದಲು ತೆಳುವಾಗಿ ಕಾಣಿಸಿಕೊಂಡು, ಹೊತ್ತು ಕಳೆದಂತೆ ಗಾಢವಾಗುತ್ತ ಹೋಯಿತು.

ತಡವಾಗಿ ಮೂಡಿದ ಬಣ್ಣ! ಅವಸರದ ಸಂಶೋಧಕನಿಗೆ ಇದು ಕೇವಲ ತೊಂದರೆ. ಅರ್ಧ ಗಂಟೆ ಕಾದು, ಬಣ್ಣ ನಿಂತ ಮೇಲೆ ಅಂಕಿಯನ್ನು ಬರೆದುಕೊಂಡರೆ ತೊಂದರೆ ಮುಗಿಯಿತು. ಹಳೆಯ ವಿಧಾನಗಳಲ್ಲಿ ಬಣ್ಣ ನಿಧಾನವಾಗಿಯೇ ಬರುತ್ತಿದ್ದುದರಿಂದ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವಂತಿರಲಿಲ್ಲ. ಹೊಸ ವಿಧಾನ ಚುರುಕಾದದ್ದರಿಂದಲೇ ವಿಳಂಬ ಎದ್ದು ಕಂಡಿತು. ಎದ್ದು ಕಂಡದ್ದನ್ನು ಅವರು ಕಡೆಗಣಿಸಲಿಲ್ಲ. ಏಕೆ ಎಂದು ಕೇಳಿದರು.

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಸಾಧ್ಯ. ಸ್ನಾಯುವಿನ ರಸದಲ್ಲಿರುವ ಯಾವುದೋ ವಸ್ತು ಬಣ್ಣವನ್ನು ತಡೆಹಿಡಿಯುತ್ತಿರಬಹುದು. ಅಥವಾ ಫಾಸ್ಫೇಟ್ ಇನ್ನೊಂದು ವಸ್ತುವಿನೊಡನೆ ಗಂಟುಬಿದ್ದಿದ್ದು, ಪ್ರನಾಳದಲ್ಲಿರುವ ಆಮ್ಲ ಮತ್ತು ಮಾಲಿಬ್ಡೇಟಿನ ಹೊಡೆತಕ್ಕೆ ಸಿಕ್ಕಿ ಮೆಲ್ಲಮೆಲ್ಲನೆ ಬಿಡಿಸಿಕೊಳ್ಳುತ್ತಿರಬಹುದು. ಈ ಎರಡರಲ್ಲಿ ಯಾವುದು ಸರಿ ಎಂಬುದನ್ನು ಊಹೆಯಿಂದ ತೀರ್ಮಾನಿಸುವಂತಿಲ್ಲ, ಪ್ರಯೋಗವನ್ನೇ ಕೇಳಬೇಕು. ಸ್ನಾಯುರಸಕ್ಕೆ ಹೊರಗಿನಿಂದ ಒಂದಿಷ್ಟು ಬಿಡಿ ಫಾಸ್ಫೇಟನ್ನು ಸೇರಿಸಿದರೆ ಉತ್ತರ ಹೊರಬೀಳುತ್ತದೆ. ತಡೆಯುವ ವಸ್ತು ಇರುವುದು ನಿಜವಾದರೆ ಹೊರಗಿನ ಫಾಸ್ಫೇಟಿನ ಬಣ್ಣವೂ ತಡವಾಗಬೇಕು. ಅದು ಕೂಡಲೇ ಮೂಡಿದರೆ ತಡೆಯುವವರು ಯಾರೂ ಇಲ್ಲ. ಒಳಗಿನ ಫಾಸ್ಫೇಟೇ ಯಾವುದಕ್ಕೋ ಕಟ್ಟುಬಿದ್ದಿದೆ. ಸತ್ಯವಿದ್ದದ್ದು ಎರಡನೆಯ ಉತ್ತರದಲ್ಲಿ. ಸ್ನಾಯುವಿನಲ್ಲಿ ಬಿಡಿಯಾಗಿದೆಯೆಂದು ಎಲ್ಲರೂ ನಂಬಿದ್ದ ಫಾಸ್ಫೇಟಿನ ದೊಡ್ಡ ಪಾಲು ನಿಜಕ್ಕೂ ಬಿಡಿಯಾಗಿರಲಿಲ್ಲ.

ಹಾಗಾದರೆ ಅದರ ಜೊತೆಗಾರ ಯಾರು? ಫ್ರಾನ್ಸಿನ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ 1832ರಲ್ಲಿಯೇ ಮಾಂಸದ ಸಾರದಿಂದ ಕ್ರಿಯಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದ. ಸ್ನಾಯುಗಳಲ್ಲಿ ಅದು ಹೇರಳವಾಗಿದ್ದರೂ ಅದರ ಕೆಲಸವೇನೆಂಬುದು ಸುಮಾರು ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ. ಮದುವೆ ಮನೆಯಲ್ಲಿ ಯಾರ ಕಡೆಯವರೆಂದು ಗೊತ್ತಾಗದೆ ಓಡಾಡುವ ನೆಂಟನಂತೆ ಅದು ಉಳಿದುಕೊಂಡಿತ್ತು. ಫಾಸ್ಫೇಟಿಗೆ ಗಂಟುಬಿದ್ದಿದ್ದ ವಸ್ತು ಅದೇ. ಒಂದು ಅಣು ಫಾಸ್ಫೇಟಿಗೆ ಒಂದು ಅಣು ಕ್ರಿಯಾಟಿನ್ ಎಂಬ ಲೆಕ್ಕ ಸರಿಹೋಯಿತು. ಹೊಸ ಸಂಯುಕ್ತಕ್ಕೆ ಫಾಸ್ಫೊಕ್ರಿಯಾಟಿನ್ ಎಂಬ ಹೆಸರು ಬಂದಿತು. 1927ರಲ್ಲಿ ಇದರ ಮೊದಲ ವರದಿ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಫಿಲಿಪ್ ಮತ್ತು ಗ್ರೇಸ್ ಎಗಲ್‌ಟನ್ ದಂಪತಿಗಳು ಕಪ್ಪೆಯ ಸ್ನಾಯುವಿನಲ್ಲಿ ಇಂಥದೇ ಅಸ್ಥಿರ ವಸ್ತುವನ್ನು ಸ್ವತಂತ್ರವಾಗಿ ಗುರುತಿಸಿದ್ದರು. ಆದರೆ ಅದರಲ್ಲಿ ಕ್ರಿಯಾಟಿನ್ ಇದೆಯೆಂಬುದು ಅವರಿಗೆ ಹೊಳೆದಿರಲಿಲ್ಲ. ಸಾಗರದ ಎರಡು ದಡಗಳಲ್ಲಿ ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ಬಾಗಿಲನ್ನು ತಟ್ಟುವುದು ವಿಜ್ಞಾನದಲ್ಲಿ ಅಪರೂಪವೇನಲ್ಲ. ತರುಣ ಸಂಶೋಧಕರ ನಿದ್ದೆಗೆಡಿಸುವ ಭಯಗಳಲ್ಲಿ ಇದೂ ಒಂದು: ವರ್ಷಗಟ್ಟಲೆ ದುಡಿದದ್ದನ್ನು ಬೇರೆಯವರು ಒಂದು ವಾರ ಮೊದಲು ಪ್ರಕಟಿಸಿಬಿಟ್ಟರೆ?

ಸಂಯುಕ್ತವನ್ನು ಗುರುತಿಸಿದ್ದಾಯಿತು, ಶುದ್ಧರೂಪದಲ್ಲಿ ಹೊರತೆಗೆಯುವುದು ಬಾಕಿ ಉಳಿಯಿತು. ಇದು ಬಹಳ ಬೇಗನೆ ಒಡೆಯುವ ವಸ್ತು. ಸ್ನಾಯುವನ್ನು ಕತ್ತರಿಸಿದ ಕ್ಷಣದಿಂದ ಅದು ಕರಗತೊಡಗುತ್ತದೆ. ಆಮ್ಲದ ಸೋಂಕು ತಗುಲಿದರೂ ಕೆಡುತ್ತದೆ. ಸ್ನಾಯುವನ್ನು ಕೂಡಲೇ ತಣಿಸಿ, ಎಲ್ಲವನ್ನೂ ತಂಪಿನಲ್ಲಿಟ್ಟು, ಒಂದು ಹಂತದಿಂದ ಇನ್ನೊಂದಕ್ಕೆ ಓಡುತ್ತ ಕೆಲಸ ಮಾಡಬೇಕು. ಒಂದು ಕಡೆ ತಡವಾದರೆ ಬೆಳಗಿನಿಂದ ಮಾಡಿದ್ದೆಲ್ಲ ವ್ಯರ್ಥ. ಮರುದಿನ ಮೊದಲಿನಿಂದ ಆರಂಭ. ಕೊನೆಗೆ ಸುಣ್ಣದ ಲವಣದ ರೂಪದಲ್ಲಿ ಅದು ಅವರ ಕೈಗೆ ಸಿಕ್ಕಿತು. 1929ರಲ್ಲಿ ಪೂರ್ಣ ವಿವರಗಳು ಹೊರಬಂದವು.

ಈ ಕಂಡುಹಿಡಿಯುವಿಕೆಗೆ ಏಕೆ ಅಷ್ಟೊಂದು ಮಹತ್ತ್ವ ಎಂಬುದನ್ನು ತಿಳಿಯಲು ಅಂದಿನ ನಂಬಿಕೆಯೊಂದನ್ನು ನೆನೆಯಬೇಕು. ಸ್ನಾಯು ಸಂಕೋಚಿಸುವಾಗ ಅದಕ್ಕೆ ಬಲ ಬರುವುದು ಸಕ್ಕರೆಯ ಅಂಶ ಲ್ಯಾಕ್ಟಿಕ್ ಆಮ್ಲವಾಗುವುದರಿಂದ ಎಂದು ವಿದ್ವಾಂಸರು ಭಾವಿಸಿದ್ದರು. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ಕುರಿತ ಕೆಲಸಕ್ಕಾಗಿ ಇಂಗ್ಲೆಂಡಿನ ಹಿಲ್ ಮತ್ತು ಜರ್ಮನಿಯ ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಪಾರಿತೋಷಕವೂ ಸಂದಿತ್ತು. ಆದರೆ ಬಾಸ್ಟನ್ನಿನ ಪ್ರಯೋಗಗಳು ಬೇರೆಯೇ ಕಥೆಯನ್ನು ಹೇಳಿದವು. ನರವನ್ನು ಕೆರಳಿಸಿ ಸ್ನಾಯುವನ್ನು ದುಡಿಸಿದಾಗ ಫಾಸ್ಫೊಕ್ರಿಯಾಟಿನ್ ಒಡೆದು ಕಡಮೆಯಾಗುತ್ತಿತ್ತು; ಸ್ನಾಯುವಿಗೆ ವಿಶ್ರಾಂತಿ ಕೊಟ್ಟಾಗ ಮತ್ತೆ ಕೂಡಿಕೊಳ್ಳುತ್ತಿತ್ತು. 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲವೇ ಹುಟ್ಟದಂತೆ ವಿಷವಿಟ್ಟ ಸ್ನಾಯು ಕೂಡ ಸಂಕೋಚಿಸಬಲ್ಲದು, ಆಗ ಖರ್ಚಾಗುವುದು ಫಾಸ್ಫೊಕ್ರಿಯಾಟಿನ್ ಎಂದು ತೋರಿಸಿಕೊಟ್ಟರು. ಹಿಲ್ ಅವರು ತಮ್ಮ ಹಳೆಯ ಸಿದ್ಧಾಂತಕ್ಕೆ ಅಂಟಿಕೊಳ್ಳದೆ, ಸ್ನಾಯುವಿಜ್ಞಾನದಲ್ಲಿ ಕ್ರಾಂತಿಯಾಗಿದೆಯೆಂದು 1932ರಲ್ಲಿ ಒಂದು ದೀರ್ಘ ಲೇಖನವನ್ನೇ ಬರೆದರು. ಪಾರಿತೋಷಕ ಪಡೆದವರು ಹೀಗೆ ನಡೆದುಕೊಂಡದ್ದು ಅವರ ದೊಡ್ಡತನ, ಎಲ್ಲರೂ ಹಾಗಿರುವುದಿಲ್ಲ.

ಸ್ನಾಯುವಿನಿಂದ ಇನ್ನೊಂದು ವಸ್ತುವೂ 1929ರಲ್ಲಿ ಹೊರಬಂದಿತು. ಮೂರು ಫಾಸ್ಫೇಟುಗಳ ಸರಪಣಿಯುಳ್ಳ ಅದಕ್ಕೆ ಇಂದು ಎ.ಟಿ.ಪಿ. ಎಂಬ ಹೆಸರಿದೆ. ಜರ್ಮನಿಯ ಕಾರ್ಲ್ ಲೋಮನ್ ಅದನ್ನು ಮೊದಲು ಪ್ರಕಟಿಸಿದರು. ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದ ಫಿಸ್ಕ್ ಮತ್ತು ಸುಬ್ಬರಾವ್ ಅವರ ವರದಿ ಅದೇ ವರ್ಷ ಬಂದಿತು. ಜೀವಕೋಶದ ಎಲ್ಲ ದುಡಿಮೆಗೂ ಒದಗುವ ಶಕ್ತಿಯ ನಾಣ್ಯ ಎ.ಟಿ.ಪಿ. ಎಂಬುದು ಆಮೇಲೆ ಸ್ಪಷ್ಟವಾಯಿತು. ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿ ಈ ಹೊತ್ತಿನ ಅನ್ನಕ್ಕೆ; ಡಬ್ಬಿ ಬರಿದಾದೊಡನೆ ಪಕ್ಕದ ಮೂಟೆಯಿಂದ ತುಂಬಿಕೊಳ್ಳುತ್ತೇವೆ; ಮೂಟೆ ಮುಗಿಯುವಷ್ಟರಲ್ಲಿ ಗದ್ದೆಯಿಂದ ಭತ್ತ ಬರಬೇಕು. ಎ.ಟಿ.ಪಿ. ಡಬ್ಬಿಯ ಅಕ್ಕಿಯಾದರೆ ಫಾಸ್ಫೊಕ್ರಿಯಾಟಿನ್ ಪಕ್ಕದ ಮೂಟೆ. ಶಾಲೆಯ ಆಟದ ಬಯಲಿನಲ್ಲಿ ನೂರು ಮೀಟರ್ ಓಡುವ ಹುಡುಗಿ ಮೊದಲ ಕೆಲವು ಕ್ಷಣಗಳಲ್ಲಿ ಬಳಸುವುದು ಬಹುಪಾಲು ಈ ಮೂಟೆಯನ್ನೇ. ಉಸಿರಿನ ಮೂಲಕ ಬರುವ ಆಮ್ಲಜನಕ ಸಹಾಯಕ್ಕೆ ಒದಗುವುದು ಸ್ವಲ್ಪ ತಡವಾಗಿ.

ಸುಬ್ಬರಾವ್ ಅವರಿಗೆ 1930ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಪಿಎಚ್.ಡಿ. ಪದವಿಯನ್ನು ನೀಡಿತು. ಅಷ್ಟು ಹೊತ್ತಿಗೆ ಪಠ್ಯಪುಸ್ತಕಗಳನ್ನು ತಿದ್ದಿಸುವಂಥ ಕೆಲಸವನ್ನು ಅವರು ಮಾಡಿ ಮುಗಿಸಿದ್ದರು. ಆದರೂ ಮುಂದಿನ ಹತ್ತು ವರ್ಷಗಳಲ್ಲಿ ಅವರಿಗೆ ಅಲ್ಲಿ ಖಾಯಂ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ತರುಣ ಸಂಶೋಧಕರ ಬದುಕಿನ ಕಹಿ ಇರುವುದು ಇಲ್ಲಿ. ಅವರ ವಿದ್ಯಾರ್ಥಿವೇತನಕ್ಕೆ ವರ್ಷಗಳ ಮಿತಿ ಇರುತ್ತದೆ. ಹುದ್ದೆಗಳು ಕೆಲವು, ಅರ್ಹರು ಹಲವರು. ನಮ್ಮ ದೇಶದಲ್ಲಿಯೂ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂಶೋಧನಾ ವೇತನವನ್ನು ಪಡೆದವರು, ಪದವಿ ಮುಗಿದ ಮೇಲೆ ಎರಡು ವರ್ಷ ಇಲ್ಲಿ, ಮೂರು ವರ್ಷ ಅಲ್ಲಿ ಎಂದು ತಾತ್ಕಾಲಿಕ ನೇಮಕಗಳಲ್ಲಿ ಊರೂರು ಅಲೆಯುವುದು ಸಾಮಾನ್ಯವಾಗಿದೆ. ಮಾರ್ಗದರ್ಶಕರು ಉದಾರಿಗಳಾಗಿದ್ದರೆ ಶಿಷ್ಯನ ಹೆಸರು ಬೆಳಗುತ್ತದೆ. ಇಲ್ಲವಾದರೆ ಕೆಲಸ ಶಿಷ್ಯನದು, ಕೀರ್ತಿ ಗುರುವಿನದು ಎಂಬಂತಾಗುತ್ತದೆ. ಲೇಖನದ ತಲೆಯ ಮೇಲೆ ಯಾರ ಹೆಸರು ಮೊದಲು ಬರಬೇಕೆಂಬುದು ಹೊರಗಿನವರಿಗೆ ಅಲ್ಪ ವಿಷಯವಾಗಿ ತೋರಬಹುದು. ಒಳಗಿನವರಿಗೆ ಅದು ಅಲ್ಪವಲ್ಲ. ಮುಂದಿನ ಅನ್ನ ಅದರಲ್ಲಿದೆ.

1940ರಲ್ಲಿ ಸುಬ್ಬರಾವ್ ವಿಶ್ವವಿದ್ಯಾನಿಲಯವನ್ನು ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಎಂಬ ಔಷಧ ಸಂಸ್ಥೆಯ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿನ ಎಂಟು ವರ್ಷಗಳ ಕಥೆ ಬೇರೆಯೇ ಒಂದು ಪಾಠವಾಗುವಷ್ಟಿದೆ. ಅವರ ನೇತೃತ್ವದ ತಂಡ 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಒಡಹುಟ್ಟಿದವರನ್ನು ಕೊಂದ ಸ್ಪ್ರೂ ರೋಗದಲ್ಲಿ ತೆಳುವಾಗುವ ರಕ್ತಕ್ಕೆ ಫೋಲಿಕ್ ಆಮ್ಲವೇ ಮದ್ದಾಯಿತು. ರಂಜಕದ ಹಾದಿಯಲ್ಲಿ ಬಹು ದೂರ ಸುತ್ತಿದವರು ಮೊದಲಿನ ಪ್ರಶ್ನೆಯ ಬಳಿಗೆ ಮರಳಿ ಬಂದಿದ್ದರು. ಅದೇ ಆಮ್ಲದ ವಿರೋಧಿ ವಸ್ತುವಾದ ಅಮಿನೋಪ್ಟೆರಿನ್ ಅನ್ನು ಬಳಸಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಕೆಲಕಾಲ ಗುಣ ಕಾಣಿಸುವುದನ್ನು 1948ರಲ್ಲಿ ವರದಿ ಮಾಡಿದರು. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಡೈಈಥೈಲ್ ಕಾರ್ಬಮಝೀನ್ ಔಷಧವೂ ಅದೇ ಪ್ರಯೋಗಶಾಲೆಯಿಂದ ಬಂದಿತು. ಕರ್ನಾಟಕದ ಕರಾವಳಿಯ ಹಾಗೂ ಉತ್ತರ ಭಾಗದ ಕೆಲವು ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ನುಂಗಿಸಿದ ಆನೆಕಾಲು ರೋಗದ ಮಾತ್ರೆ ಇದೇ. ನುಂಗಿದವರಿಗೆ ಆ ಹೆಸರು ಗೊತ್ತಿಲ್ಲ.

1948ರ ಆಗಸ್ಟ್ ತಿಂಗಳಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ರೆಯಲ್ಲಿಯೇ ತೀರಿಕೊಂಡರು. ಹಡಗು ಹತ್ತಿದ ದಿನದಿಂದ ಅವರು ಭಾರತಕ್ಕೆ ಮರಳಿರಲಿಲ್ಲ. ಪತ್ನಿ ಅವರನ್ನು ಮತ್ತೆ ಕಾಣಲಿಲ್ಲ. ಅವರ ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಭಾರತದ ಅನೇಕ ವಿಶ್ವವಿದ್ಯಾನಿಲಯಗಳ ಜೀವರಸಾಯನ ತರಗತಿಗಳಲ್ಲಿ ಇಂದಿಗೂ ವಿದ್ಯಾರ್ಥಿಗಳು 'ಫಿಸ್ಕ್–ಸುಬ್ಬರಾವ್ ವಿಧಾನ'ದಿಂದ ರಂಜಕವನ್ನು ಅಳೆಯುತ್ತಾರೆ. ಡುಬೋಸ್ಕ್ ವರ್ಣಮಾಪಕದ ಜಾಗದಲ್ಲಿ ವಿದ್ಯುತ್ ಯಂತ್ರ ಬಂದಿದೆ. ದ್ರವವನ್ನು ಬಾಯಿಂದ ಹೀರುವ ಅಪಾಯಕರ ಪದ್ಧತಿ ಹೋಗಿ ಗುಂಡಿಯನ್ನು ಒತ್ತಿ ಹೀರುವ ಕೊಳವೆ ಬಂದಿದೆ. ಉಳಿದದ್ದು ಬಹುಮಟ್ಟಿಗೆ ಹಾಗೆಯೇ ಇದೆ. ಮಾ‌ಲಿಬ್ಡೇಟ್ ಹಾಕಿದಾಗ ದ್ರವ ತಿಳಿಯಾಗಿಯೇ ಇರುತ್ತದೆ. ಇನ್ನೊಂದನ್ನು ಸೇರಿಸಿ ಅಲುಗಿಸಿದಾಗ ತಳದಿಂದ ನೀಲಿ ಏಳುತ್ತದೆ. ಮೊದಲ ದಿನ ಹಲವರ ಖಾಲಿ ಪ್ರನಾಳದಲ್ಲಿಯೂ ನೀಲಿ ಕಾಣಿಸಿಕೊಳ್ಳುತ್ತದೆ. ಅಧ್ಯಾಪಕರು ಅದನ್ನು ಬೆಳಕಿಗೆ ಹಿಡಿದು ನೋಡಿ, ಪಾತ್ರೆಗಳನ್ನು ಮತ್ತೊಮ್ಮೆ ಆಮ್ಲದಲ್ಲಿ ತೊಳೆದು ತರುವಂತೆ ಹೇಳುತ್ತಾರೆ.